ತೇಗಿಗೊಂದು ತೆರಿಗೆ

(ನ್ಯೂಜಿಲೆಂಡಿನ ವೈಕಾಟೊ, 2022ರ ಅಕ್ಟೋಬರ್. ಹಸುಗಳು ಮೆಲುಕು ಹಾಕುತ್ತಿವೆ. ಕಡತ ಹಿಡಿದು ಅಧಿಕಾರಿಯ ಪ್ರವೇಶ.)

ಅಧಿಕಾರಿ: ಯಜಮಾನರೇ, ನಿಮ್ಮ ಹಸು ಈಗಷ್ಟೇ ತೇಗಿತು.

ರೈತ: ಹೊಟ್ಟೆ ತುಂಬಿದೆ, ಸ್ವಾಮಿ.

ಅಧಿಕಾರಿ: ಅದು ಮೀಥೇನ್! ದೇಶದ ಹಸಿರುಮನೆ ಅನಿಲದಲ್ಲಿ ಹತ್ತಿರಹತ್ತಿರ ಅರ್ಧ ಬೇಸಾಯದ್ದೇ. 2025ರಿಂದ ಇದಕ್ಕೆಲ್ಲ ಕಾಸು ಕಟ್ಟಬೇಕು.

ರೈತ: 2003ರಲ್ಲೂ ಇದೇ ರಾಗ ಹಾಡಿದ್ರಿ. ಜನ ಅದಕ್ಕೆ ‘ಹೂಸಿನ ತೆರಿಗೆ’ ಅಂತ ಹೆಸರಿಟ್ಟರು. ಸಂಸದ ಶೇನ್ ಆರ್ಡರ್ನ್ ಪಾರ್ಲಿಮೆಂಟಿನ ಮೆಟ್ಟಿಲಿಗೇ ಟ್ರ್ಯಾಕ್ಟರ್ ಹತ್ತಿಸಿದ್ದು ಮರೆತಿರಾ?

ಅಧಿಕಾರಿ: ಆಗ ಜನಕ್ಕೆ ದಿಕ್ಕು ತಪ್ಪಿತ್ತು. ಮೀಥೇನ್ ಹೆಚ್ಚಾಗಿ ಬರೋದು ಹಿಂದಿನಿಂದಲ್ಲ, ಬಾಯಿಂದ.

ರೈತ: ಪಾರ್ಲಿಮೆಂಟಲ್ಲೂ ಬಾಯಿಂದಲೇ ಬರೋದು. ಅದಕ್ಕೆಷ್ಟು ತೆರಿಗೆ?

ಅಧಿಕಾರಿ: ಅದು ಚರ್ಚೆ. ವಿನಾಯಿತಿ ಇದೆ.

ರೈತ: ನಾವು ದನ ಮಾರಿದರೆ ಇನ್ನೊಂದು ದೇಶದವರು ಸಾಕ್ತಾರೆ. ಗಾಳಿಗೇನು ಪಾಸ್‌ಪೋರ್ಟ್ ಇದೆಯೇ?

ಅಧಿಕಾರಿ: 2020ರ ಬರದಲ್ಲಿ ಸರ್ಕಾರ ನೆರವಿಗೆ ಬರಲಿ ಅಂದವರು ಯಾರು?

ರೈತ: ಅದು ಹವಾಮಾನ. ಇದು ರಾಜಕೀಯ.

ಹಸು: (ತೇಗಿ) ನನ್ನನ್ನು ಯಾರಾದರೂ ಕೇಳಿದಿರಾ?

(ಯಾರೂ ಕೇಳಲಿಲ್ಲ, ಅದಕ್ಕೆ ಓಟಿಲ್ಲವಲ್ಲ. ಆ ತಿಂಗಳೇ ಊರೂರಲ್ಲಿ ಟ್ರ್ಯಾಕ್ಟರುಗಳು ಬೀದಿಗಿಳಿದವು. 2023ರಲ್ಲಿ ಸರ್ಕಾರ ಬದಲಾಯಿತು. 2024ರಲ್ಲಿ ಹೊಸ ಸರ್ಕಾರ, ಇಂಗಾಲದ ಬೆಲೆ ಕಟ್ಟುವ ಯೋಜನೆಯಿಂದ ಬೇಸಾಯವನ್ನು ಹೊರಗಿಡುವುದಾಗಿ ಸಾರಿತು. ಅದೇ ವರ್ಷ ಡೆನ್ಮಾರ್ಕ್, 2030ರಿಂದ ದನಗಳ ಮೀಥೇನ್‌ಗೆ ತೆರಿಗೆ ಹಾಕಲು ಒಪ್ಪಿತು.)