ಪೈಲ್ವಾನಪ್ಪ

ಕುಸ್ತಿ ಆಡುವವನು ಲಂಗೋಟಿ ಕಟ್ಟಿರುತ್ತಾನೆ. ಆಡಿಸುವವರು ತಲೆಗೆ ಪೇಟ ಸುತ್ತಿರುತ್ತಾರೆ. ಇವೆರಡೂ ಇಲ್ಲದೆ, ಪ್ಯಾಂಟು ಮೊಣಕಾಲಿನ ತನಕ ಮಡಚಿಕೊಂಡು, ಮಟ್ಟಿಯ ಅಂಚಿನಲ್ಲಿ ತುದಿಗಾಲ ಮೇಲೆ ಕೂತು, ತಮ್ಮದೇ ಎಡಗೈಯಿಂದ ತಮ್ಮದೇ ಬಲಗಾಲನ್ನು ಎಳೆದುಕೊಳ್ಳುತ್ತಿರುವ ಮನುಷ್ಯರು ಯಾರಾದರೂ ಕಂಡರೆ ಅವರೇ ಪೈಲ್ವಾನಪ್ಪ. ಮಗ ಒಳಗೆ ಒಂದು ಕುಸ್ತಿ ಆಡುತ್ತಿರುತ್ತಾನೆ, ಇವರು ಹೊರಗೆ ಇನ್ನೊಂದು. ಒಳಗಿನದಕ್ಕೆ ಐದು ನಿಮಿಷ ಟೈಮು ಕೊಟ್ಟಿರುತ್ತಾರೆ. ಹೊರಗಿನದಕ್ಕೆ ಟೈಮೂ ಇಲ್ಲ, ರೆಫರಿಯೂ ಇಲ್ಲ.

ನಂಜನಗೂಡಿನ ನಮ್ಮ ಗರಡಿಗೆ ಬೋರ್ಡಿಲ್ಲ, ಫೀಸಿಲ್ಲ, ಸಂಬಳ ತೆಗೆದುಕೊಳ್ಳುವವರೂ ಇಲ್ಲ. ಉಸ್ತಾದರು ಬೆಳಗಿನ ಐದಕ್ಕೆ ಬೀಗ ತೆಗೆದು, ಹುಡುಗರಿಗೆ ದಂಡ, ಬಸ್ಕಿ ಹೊಡೆಸಿ, ಪಟ್ಟು ಹೇಳಿಕೊಟ್ಟು, ಏಳೂವರೆಗೆ ಮೈ ತೊಳೆದುಕೊಂಡು ಇಂಡಸ್ಟ್ರಿಯಲ್ ಏರಿಯಾದ ಶಿಫ್ಟಿಗೆ ಓಡುತ್ತಾರೆ. ಶನಿವಾರ ಆಂಜನೇಯನ ಪೂಜೆಗೆ ಹೂವು ಒಬ್ಬರದು, ಕಾಯಿ ಇನ್ನೊಬ್ಬರದು. ಜಮಾ-ಖರ್ಚಿನ ಪುಸ್ತಕ ನನ್ನ ಹತ್ತಿರ ಇದೆ. ಅದರಲ್ಲಿ ಖರ್ಚಿನ ಕಡೆ ಜಾಗ ಸಾಲುವುದಿಲ್ಲ, ಜಮಾ ಕಡೆ ಇರುವೆ ಓಡಾಡುತ್ತದೆ. ಸಲಹೆಯನ್ನು ಜಮಾ ಎಂದು ಬರೆಯುವ ಹಾಗಿದ್ದರೆ ಇಷ್ಟೊತ್ತಿಗೆ ನಾವು ಮೈಸೂರು ಅರಮನೆ ಎದುರಿಗೇ ಸೈಟು ಕೊಂಡಿರುತ್ತಿದ್ದೆವು.

ಏಕೆಂದರೆ ಪೈಲ್ವಾನಪ್ಪ ಗರಡಿಗೆ ಏನೂ ಕೊಡುವುದಿಲ್ಲ ಎಂದರೆ ತಪ್ಪಾಗುತ್ತದೆ, ಸಲಹೆ ಧಾರಾಳವಾಗಿ ಕೊಡುತ್ತಾರೆ. ಗುದ್ದಲಿ ಹಿಡಿಯುವ ಹೊತ್ತಿಗೆ ಮಾತ್ರ ಅವರಿಗೆ ಫೋನು ಬರುತ್ತದೆ. ಮಟ್ಟಿ ಅಂದರೆ ಸುಮ್ಮನೆ ಸುರಿದ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಆರಿಸಿ, ಎಣ್ಣೆ, ಅರಿಶಿನ ಬೆರೆಸಿ, ಪ್ರತಿದಿನ ಅಗೆದು ಹದ ಮಾಡಬೇಕು. ನಾಲ್ಕು ದಿನ ಕೈಬಿಟ್ಟರೆ ನೆಲ ಕಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ಮಗುವಿನ ಭುಜವೇ ಗುದ್ದಲಿ. ಇದನ್ನು ಉಸ್ತಾದರು ಹೇಳಲು ಬಾಯಿ ತೆರೆದರೆ ಸಾಕು, ಪೈಲ್ವಾನಪ್ಪನವರ ಜೇಬಿನಲ್ಲಿ ಫೋನು ಮೊಳಗುತ್ತದೆ. "ಹಾ ಸಾರ್, ಬಂದೆ ಸಾರ್, ದಾರೀಲೇ ಇದೀನಿ ಸಾರ್" ಎನ್ನುತ್ತಾ ಕಪಿಲಾ ನದಿಯ ಕಡೆ ನಡೆದುಬಿಡುತ್ತಾರೆ. ಬೆಳಗಿನ ಐದೂಕಾಲಿಗೆ ಇವರನ್ನು ಕರೆಯುವ ಆ ಸಾರ್ ಯಾರು ಎಂಬುದು ನಂಜುಂಡೇಶ್ವರನಿಗೇ ಗೊತ್ತು.

ಅವರು ಸ್ವತಃ ಕುಸ್ತಿ ಆಡಿದ್ದಾರೆಯೇ? ಆಡುವವರಿದ್ದರು. ಮೈಸೂರು ದಸರಾದ ಕುಸ್ತಿಗೆ, ಅದೂ ದೊಡ್ಡಕೆರೆ ಮೈದಾನದ ಸಾಹುಕಾರ್ ಚನ್ನಯ್ಯ ಅಖಾಡಕ್ಕೆ, ಹೆಸರು ಕೊಡುವುದೊಂದೇ ಬಾಕಿ ಇತ್ತು. ಆ ವರ್ಷ ಜೋಡಿ ಕಟ್ಟುವ ದಿನ ಇವರ ಮೈಕಟ್ಟಿಗೆ ಸರಿಸಮ ಜೋಡಿಯೇ ಸಿಗಲಿಲ್ಲವಂತೆ. ಇದು ಅವರು ಬೀಗರ ಮುಂದೆ ಹೇಳುವ ಕಥೆ. ಆಫೀಸಿನಲ್ಲಿ ಹೇಳುವ ಕಥೆಯಲ್ಲಿ ಕಾಮಾಲೆ ಬರುತ್ತದೆ. ಮಗನ ಮುಂದೆ ಹೇಳುವಾಗ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರುತ್ತದೆ, ದಸರಾ ಅಕ್ಟೋಬರಿನಲ್ಲಿ, ಪರೀಕ್ಷೆ ಬೇಸಿಗೆಯಲ್ಲಿ ಎಂದು ಹುಡುಗ ಇನ್ನೂ ಕೇಳಿಲ್ಲ. ಉಸ್ತಾದರ ನೆನಪಿನಲ್ಲಿ ಇರುವುದು ಇಷ್ಟೇ: "ಒಂದಿನ ಬಂದಿದ್ದ. ಕನ್ನಡೀಲಿ ತೋಳು ನೋಡ್ಕಂಡ, ಹೋದ."

ತಮ್ಮ ಕೈತಪ್ಪಿದ್ದೆಲ್ಲ ಈಗ ಮಗನ ಟೈಮ್‌ಟೇಬಲ್ಲಿಗೆ ಬಂದಿದೆ. ಮೊದಲು ದಸರಾ ಕುಮಾರ, ಆಮೇಲೆ ದಸರಾ ಕೇಸರಿ, ಆಮೇಲೆ ಒಲಿಂಪಿಕ್ಸು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕೆ.ಡಿ. ಜಾಧವ್ ಕಂಚು ತಂದರಲ್ಲ, ಅಲ್ಲಿಂದ ಮುಂದಿನ ಚರಿತ್ರೆಯನ್ನು ಇವರು ನಂಜನಗೂಡಿಗೆ ಕಾಯ್ದಿರಿಸಿಬಿಟ್ಟಿದ್ದಾರೆ. ಹುಡುಗ ಎಂಟನೇ ಕ್ಲಾಸು. ಬೈಕಿನ ಹಿಂದೆ ತೂಕಡಿಸುತ್ತಾ ಬರುವ ಅವನಿಗೆ ದಿನಾ ಒಂದು ಕಥೆ. ಕಂಠೀರವ ನರಸರಾಜ ಒಡೆಯರು ಪಟ್ಟಕ್ಕೆ ಬರುವ ಮುಂಚೆ ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ, ಊರಬಾಗಿಲಿಗೆ ತನ್ನ ಚಡ್ಡಿ ಕಟ್ಟಿ ಎಲ್ಲರನ್ನೂ ಅದರಡಿ ನುಗ್ಗಿಸುತ್ತಿದ್ದ ಜಟ್ಟಿಯನ್ನು ಮಣ್ಣುಪಾಲು ಮಾಡಿದ ಆ ಪ್ರಸಿದ್ಧ ಕಥೆ. ಹೇಳುತ್ತಾ ಹೇಳುತ್ತಾ ಇವರಿಗೆ ಆವೇಶ ಬಂದು ಬೈಕು ರಸ್ತೆಯ ಬಲಕ್ಕೆ ಹೋಗುತ್ತದೆ. ಒಡೆಯರ ಜೊತೆ ಅವರ ಅಪ್ಪ ಹೋಗಿರಲಿಲ್ಲ ಎನ್ನುವುದು ಕಥೆಯ ಮುಖ್ಯ ಭಾಗ ಅಂತ ನನಗೆ ಅನ್ನಿಸುತ್ತದೆ.

2016ರಲ್ಲಿ 'ದಂಗಲ್' ಸಿನಿಮಾ ಬಂದಮೇಲೆ ರೋಗ ಉಲ್ಬಣಿಸಿತು. ಅಪ್ಪ ಗದರಿದರೆ ಮಕ್ಕಳು ಪದಕ ತರುತ್ತಾರೆ ಎಂಬುದಕ್ಕೆ ಸಾಕ್ಷಿ ಸಿಕ್ಕಿಬಿಟ್ಟಿತು. ಅದೇ ಸಿನಿಮಾದಲ್ಲಿ ಫೈನಲ್ಲಿನ ಹೊತ್ತಿಗೆ ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ, ಮಗಳು ಆಗಲೇ ಗೆಲ್ಲುವುದು. ಪೈಲ್ವಾನಪ್ಪ ಆ ಘಳಿಗೆಯಲ್ಲಿ ಗಾಡಿ ತೆಗೆಯಲು ಪಾರ್ಕಿಂಗಿಗೆ ಹೋಗಿದ್ದರು.

ತೂಕದ ವಿಷಯಕ್ಕೆ ಬಂದರೆ ಅವರ ಪಾಂಡಿತ್ಯ ಬಂಗಾರದ ಅಂಗಡಿಯವರನ್ನು ಮೀರಿಸುತ್ತದೆ. ಬಾದಾಮಿಯನ್ನು ಎಣಿಸಿ ನೆನೆಹಾಕುತ್ತಾರೆ, ಬೆಳಗ್ಗೆ ಮತ್ತೆ ಎಣಿಸುತ್ತಾರೆ. ಹೆಂಡತಿ ಒಂದನ್ನು ಪಾಯಸಕ್ಕೆ ಹಾಕಿದರೆ ಮನೆಯಲ್ಲಿ ವಿಚಾರಣೆ. ಒಮ್ಮೆ ಮ್ಯಾಟ್ ಕುಸ್ತಿಯ ಪಂದ್ಯ ಬಂತು. ಅಲ್ಲಿ ಹದಿನೈದು ವರ್ಷದೊಳಗಿನ ಹುಡುಗರಿಗೆ 38, 41, 44 ಕೆ.ಜಿ. ಹೀಗೆ ತೂಕದ ಮೆಟ್ಟಿಲುಗಳಿವೆ. ಹುಡುಗ ತೂಗಿದ್ದು 38 ಕೆ.ಜಿ. 400 ಗ್ರಾಂ. ಊಟ ಮಾಡಿಕೊಂಡು 41ರಲ್ಲಿ ಆಡಬಹುದಿತ್ತು. ಆದರೆ 38ರಲ್ಲಿ ಎದುರಾಳಿಗಳು ಸಣ್ಣಕ್ಕಿರುತ್ತಾರೆ ಎಂದು ಪೈಲ್ವಾನಪ್ಪನವರ ಗುಪ್ತಚರ ವರದಿ. ಶುರುವಾಯಿತು ನೋಡಿ: ಹುಡುಗನಿಗೆ ಸ್ವೆಟರಿನ ಮೇಲೆ ರೇನ್‌ಕೋಟು ತೊಡಿಸಿ ಹೊಳೆದಂಡೆಯಲ್ಲಿ ಓಡಿಸಿದರು, ರಾತ್ರಿ ಮುದ್ದೆ ತಪ್ಪಿಸಿದರು, ನೀರಿನ ಚೊಂಬು ಅಟ್ಟಕ್ಕೆ ಹೋಯಿತು, ಕೊನೆಗೆ ಕ್ಷೌರದಂಗಡಿಯಲ್ಲಿ ಕೂರಿಸಿ ತಲೆಗೂದಲನ್ನೂ ತೆಗೆಸಿದರು. ಮಗನ ಹೊಟ್ಟೆ ಚುರುಗುಟ್ಟುತ್ತಿರುವಾಗ ಎದುರಿನ ಹೋಟೆಲಿನಲ್ಲಿ ತಾವು ಸೆಟ್ ದೋಸೆ ತಿಂದು, ಬಾಯೊರೆಸಿಕೊಂಡು ಬಂದು, "ತ್ಯಾಗ ಮಾಡ್ದೆ ಏನೂ ಸಿಗಕಿಲ್ಲ ಕನ್ಲಾ" ಎಂದರು. ತಿರುಮಕೂಡಲು ನರಸೀಪುರ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ಎಂದು ಅಲ್ಲಿನ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದು ನಿಂತಿದ್ದಾನೆ. ಗುಲಗಂಜಿಯ ತೂಕ ಸುಮಾರು 0.12 ಗ್ರಾಂ. ಆ ಲೆಕ್ಕದಲ್ಲಿ ನಮ್ಮ ಹುಡುಗ ಮೂರು ಸಾವಿರದ ಮುನ್ನೂರು ಗುಲಗಂಜಿ ಹೆಚ್ಚಾಗಿದ್ದ, ಅಂದರೆ ಕಾಶಿಗಿಂತ ಅಷ್ಟು ಗುಲಗಂಜಿ ಹೆಚ್ಚು ಪುಣ್ಯವಂತ. ಬೆಳೆಯುವ ಮಕ್ಕಳ ನೀರು ಕಿತ್ತುಕೊಂಡು ತೂಕ ಇಳಿಸುವುದು ತಮಾಷೆಯಲ್ಲ. ಉಸ್ತಾದರಿಗೆ ವಿಷಯ ಗೊತ್ತಾದದ್ದೇ ಹುಡುಗನ ಕೈಗೆ ಎರಡು ರಸಬಾಳೆ, ಒಂದು ಲೋಟ ನೀರು ಕೊಟ್ಟು, "ನಲವತ್ತೊಂದ್ರಲ್ಲಿ ಆಡ್ತಾನೆ. ಬೇಕಿದ್ರೆ ಮೂವತ್ತೆಂಟ್ರಲ್ಲಿ ನೀವು ಆಡಿ" ಎಂದರು. ಪೈಲ್ವಾನಪ್ಪ ತೂಗಿದರೆ ತೊಂಬತ್ತೆರಡು. ಮಾತು ಅಲ್ಲಿಗೆ ನಿಂತಿತು.

ಅವರನ್ನು ಪೂರ್ತಿಯಾಗಿ ನೋಡಬೇಕೆಂದರೆ ಟಿ. ನರಸೀಪುರಕ್ಕೆ ಹೋಗಿ ಅಲ್ಲಿನ ಹುಡುಗರ ಜೊತೆ ನಮ್ಮವರ ಜೋಡಿ ಕಟ್ಟಿದ ದಿನ ನೋಡಬೇಕಿತ್ತು. ಸುತ್ತೂರು ಜಾತ್ರೆಯ ದೊಡ್ಡ ಕುಸ್ತಿಗೆ ಮುಂಚೆ ಹುಡುಗರ ಕೈ ಪಳಗಲಿ ಎಂದು ಎರಡೂ ಕಡೆಯ ಉಸ್ತಾದರು ಮಾತಾಡಿಕೊಂಡು ಇಟ್ಟ ಪುಟ್ಟ ಕುಸ್ತಿ. ಗೆದ್ದವನಿಗೆ ಸ್ಟೀಲ್ ಲೋಟ, ಸೋತವನಿಗೂ ಸ್ಟೀಲ್ ಲೋಟ. ಈ ಎರಡನೆಯ ಲೋಟದ ಬಗ್ಗೆ ಪೈಲ್ವಾನಪ್ಪನವರ ಆಕ್ಷೇಪ ಇತ್ತು.

ಹುಡುಗರು ಮಣ್ಣು ಮುಟ್ಟಿ ನಮಸ್ಕರಿಸಿ, ಕೈ ಕೊಟ್ಟು, ತಲೆಗೆ ತಲೆ ಕೊಟ್ಟರು. ಅಂಚಿನಿಂದ ಶುರುವಾಯಿತು. "ಕಾಲಿಗ್ ಹಾಕ್ಲಾ! ಕಾಲ್ ಬ್ಯಾಡ, ಸೊಂಟ ಹಿಡಿ! ಕುತ್ಗೆ ಬುಡ್ಬ್ಯಾಡ! ಬುಡ್ಲಾ ಕುತ್ಗೇಯ!" ಮಟ್ಟಿಯ ಆ ಕಡೆ ಅಂಚಿನಲ್ಲಿ ನರಸೀಪುರದ ಪೈಲ್ವಾನಪ್ಪ ಒಬ್ಬರು ತಮ್ಮ ಮಗನಿಗೆ ಇದೇ ಆದೇಶಗಳನ್ನು ಹಿಂದುಮುಂದಾಗಿ ಕೊಡುತ್ತಿದ್ದರು. ನಮ್ಮ ಹುಡುಗನ ಹಿಡಿತ ಚೆನ್ನಾಗಿತ್ತು. ಎದುರಾಳಿಯ ಒಂದು ಭುಜ ಆಗಲೇ ಮಣ್ಣಿಗೆ ತಾಗಿತ್ತು, ಇನ್ನೊಂದು ಒತ್ತಿದರೆ ಚಿತ್. ಆಗ ಪೈಲ್ವಾನಪ್ಪ ಮೂರು ಸಲ ಹುಡುಗನ ಹೆಸರು ಹಿಡಿದು ಕೂಗಿದರು. ಮರ್ಯಾದೆ ಕಲಿತ ಹುಡುಗ. ಅಪ್ಪ ಕರೆದರೆ ಓಗೊಡದೆ ಇರುತ್ತಾನೆಯೇ? ಕತ್ತು ತಿರುಗಿಸಿ "ಏನಪ್ಪಾ?" ಎಂದ. ಮುಂದಿನ ಕ್ಷಣ ಅವನ ಎರಡೂ ಭುಜ ಮಣ್ಣಿನಲ್ಲಿದ್ದವು, ಕಣ್ಣು ಆಕಾಶದಲ್ಲಿತ್ತು.

ಪೈಲ್ವಾನಪ್ಪ ಒಪ್ಪಲಿಲ್ಲ. ಗೆದ್ದರೆ ಅವರು "ಗೆದ್ದೋ" ಎನ್ನುತ್ತಾರೆ, ಸೋತರೆ "ಸೋತ್ಬುಟ್ಟ" ಎನ್ನುತ್ತಾರೆ, ಸಮಬಲ ಆದರೆ "ಸಮ ಮಾಡ್ಸ್‌ಬುಟ್ರು" ಎನ್ನುತ್ತಾರೆ. ಅವತ್ತು ನಾಲ್ಕನೆಯದೊಂದು ಹೊರಟಿತು, "ಚಾಲೆಂಜ್!" ಮ್ಯಾಟ್ ಕುಸ್ತಿಯಲ್ಲಿ ತೀರ್ಪಿಗೆ ತಕರಾರಿದ್ದರೆ ವಿಡಿಯೋ ನೋಡಿ ಎಂದು ಕೇಳಬಹುದು, ತಕರಾರು ಸುಳ್ಳಾದರೆ ಎದುರಾಳಿಗೆ ಒಂದು ಪಾಯಿಂಟು ಹೋಗುತ್ತದೆ. ನಾಡಕುಸ್ತಿಯ ಮಣ್ಣಿನಲ್ಲಿ ಆ ಪದ್ಧತಿ ಇಲ್ಲ ಎಂದರೂ ಕೇಳದೆ ತಮ್ಮ ಫೋನನ್ನು ರೆಫರಿಯ ಮೂಗಿನ ಕೆಳಗೆ ಹಿಡಿದರು. ವಿಡಿಯೋದಲ್ಲಿ ಮೊದಲು ಒಂದು ತೆಂಗಿನಮರ ಬಂತು. ಆಮೇಲೆ ಪೈಲ್ವಾನಪ್ಪನವರ ಚಪ್ಪಲಿ. ಆಮೇಲೆ ಮತ್ತೆ ತೆಂಗಿನಮರ, ಈ ಸಲ ಅಡ್ಡಡ್ಡಲಾಗಿ. ಕುಸ್ತಿ ಆಡುತ್ತಿದ್ದ ಕೈಯಲ್ಲೇ ಫೋನು ಇದ್ದದ್ದರಿಂದ ಮಕ್ಕಳು ಎಲ್ಲೂ ಸಿಗಲಿಲ್ಲ. ಧ್ವನಿ ಮಾತ್ರ ಸ್ಪಷ್ಟ. "ಬುಡ್ಲಾ ಕುತ್ಗೇಯ" ಎಂಬ ಕೂಗು, ಮೂರು ಸಲ ಹುಡುಗನ ಹೆಸರು, ಅದರ ಬೆನ್ನಿಗೇ "ಏನಪ್ಪಾ?"

ಸುತ್ತ ಇದ್ದವರು ನಕ್ಕರು. ನರಸೀಪುರದ ಪೈಲ್ವಾನಪ್ಪ ಸ್ವಲ್ಪ ಜಾಸ್ತಿಯೇ ನಕ್ಕರು. ಇಬ್ಬರೂ ಎದೆಗೆ ಎದೆ ತಂದು ನಿಂತರು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದಲ್ಲ, ಅದು ಕೂಡ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಮುಗಿಯಿತು. ಇಲ್ಲಿ ಅಂಥ ಅನುಕೂಲ ಇರಲಿಲ್ಲ. "ನಿಮ್ದು ಯಾವೂರು?" ಎಂದು ಇವರು ಗದರಿದರು. ಬಯ್ಯುವುದಕ್ಕೆ ಕೇಳಿದ ಪ್ರಶ್ನೆಯೇ, ಆದರೆ ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ಬರೀ ಊರಿನ ಹೆಸರು ಹೇಳಿ ಸುಮ್ಮನಾಗುವವರು ಇಲ್ಲ. ಊರು, ಹೆಂಡತಿಯ ತವರು ಬನ್ನೂರು, ಅವಳ ದೊಡ್ಡಪ್ಪನ ಮನೆ ಹೀಗೆ ಮುಂದುವರಿದು ಮೂರನೆಯ ತಿರುವಿನಲ್ಲಿ ಇಬ್ಬರೂ ಷಡ್ಡಕರ ವರಸೆಗೆ ಬಂದರು. "ಅಯ್ಯೋ, ಮೊದ್ಲೇ ಹೇಳ್ಬಾರ್ದಾ!" ಎಂದು ಭುಜ ಹಿಡಿದುಕೊಂಡು, ಇಬ್ಬರೂ ಒಟ್ಟಾಗಿ ರೆಫರಿಯ ಕಡೆ ತಿರುಗಿದರು. ನರಸೀಪುರ ಕಾವೇರಿ, ಕಪಿಲೆ ಕೂಡುವ ಊರು. ಮೂರನೆಯದಾಗಿ ಸ್ಫಟಿಕ ಸರೋವರ ಗುಪ್ತಗಾಮಿನಿಯಾಗಿ ಸೇರುತ್ತದೆ ಎನ್ನುತ್ತಾರೆ. ರೆಫರಿ ಆ ಸಂಪ್ರದಾಯವನ್ನು ಪಾಲಿಸಿ ಆಗಲೇ ಗುಪ್ತಗಾಮಿಯಾಗಿದ್ದರು.

ಹುಡುಗರು ಎಲ್ಲಿ ಎಂದು ನೋಡಿದರೆ ಚುರುಮುರಿ ಗಾಡಿಯ ಹತ್ತಿರ ಇದ್ದರು. ಮೈ ತುಂಬ ಮಣ್ಣು, ಒಂದೇ ಪೊಟ್ಟಣ, ಎರಡು ಕೈ. ಸೋತವನು ಗೆದ್ದವನ ಮಣಿಕಟ್ಟು ಹಿಡಿದು, "ಇಲ್ಲಿ ಹಿಂಗ್ ತಿರುಗ್ಸಿದ್ಯಲ್ಲ, ಇನ್ನೊಂದ್ಸಲ ಮಾಡ್ಲಾ" ಎನ್ನುತ್ತಿದ್ದ. ಗೆದ್ದವನು ಚುರುಮುರಿ ಚೆಲ್ಲದ ಹಾಗೆ ಮಾಡಿ ತೋರಿಸುತ್ತಿದ್ದ. ಅಪ್ಪನ ಫೋನಿಗೆ ಅವ್ವನ ಕರೆ ಬಂದಾಗ ಹುಡುಗನೇ ಎತ್ತಿದ. ಆಕೆ ಕೇಳಿದ್ದು ಎರಡು ಪ್ರಶ್ನೆ: ಪೆಟ್ಟಾಯಿತಾ, ಉಂಡೆಯಾ. ಮೂರನೆಯದನ್ನು ಹುಡುಗನೇ ಹೇಳಿದ, "ಅಪ್ಪಂಗೆ ಗಂಟ್ಲು ಕಟ್ಟದೆ, ವಸಿ ಬಿಸ್ನೀರು ಮಡಗಿರು."

ನ್ಯಾಯವಾಗಿ ಹೇಳಬೇಕೆಂದರೆ ಪೈಲ್ವಾನಪ್ಪ ಕೆಟ್ಟವರಲ್ಲ. ರಜೆ ಹಾಕುತ್ತಾರೆ, ಸ್ವಂತ ಪೆಟ್ರೋಲು ಸುಡುತ್ತಾರೆ, ಬಿಸಿಲಿನಲ್ಲಿ ಕೂರುತ್ತಾರೆ. ಬೇರೆ ಮಕ್ಕಳಿಗೆ ತರಚಿದರೂ ಅರಿಶಿನ ಹಚ್ಚುವವರು ಅವರೇ. ಅವರಂಥವರು ಬರದೇಹೋದರೆ ನಾಳೆ ಗರಡಿಯಲ್ಲಿ ಆಂಜನೇಯ ಒಬ್ಬನೇ ಗದೆ ಹಿಡಿದು ನಿಂತಿರಬೇಕಾಗುತ್ತದೆ. ಕೈ ಉಂಟು, ಕಾಲುಂಟು, ಉತ್ಸಾಹ ಉಂಟು. ಎಲ್ಲವೂ ಗಂಟಲಿನಲ್ಲಿ ಬಂದು ಕೂತಿರುವುದೇ ತೊಂದರೆ.

ಉಸ್ತಾದರು ಇದನ್ನು ಯೋಚಿಸಿದ್ದರು ಅಂತ ಕಾಣುತ್ತದೆ. ಮುಂದಿನ ಶನಿವಾರ ಮಂಗಳಾರತಿ ಮುಗಿದ ಮೇಲೆ, ತಟ್ಟೆ ಕೆಳಗಿಡದೆ, ಗರಡಿಗೆ ಹೊಸ ಕಾನೂನು ಓದಿದರು. "ಅಂಚಲ್ಲಿ ಕುಂತು ಯಾರು ಬೇಕಾದ್ರೂ ಕೂಗ್ಬೋದು. ಒಂದ್ ಕೂಗಿಗೆ ಒಂದ್ ಸಾಲು. ಮಾರ್ನೆ ಬೆಳಗ್ಗೆ ಬಂದು ಮಟ್ಟಿ ಅಗೀಬೇಕು. ಫೋನು ಆಂಜನೇಯನ ಪಾದ್ದತ್ರ ಇಟ್ಟು ಅಗೀಬೇಕು." ಎಣಿಸಿ ಬರೆಯುವ ಕೆಲಸ ನನ್ನ ಪುಸ್ತಕಕ್ಕೆ ಬಂತು. ಮೊದಲ ವಾರವೇ ಪೈಲ್ವಾನಪ್ಪನವರ ಹೆಸರಿನಲ್ಲಿ ಹದಿನಾಲ್ಕು ಸಾಲು. ತೊಂಬತ್ತೆರಡು ಕೆ.ಜಿ. ತೂಕ ಗುದ್ದಲಿಯ ಮೇಲೆ ಬಿದ್ದರೆ ಮಣ್ಣು ಏನಾಗಬೇಡ! ನರಸೀಪುರದ ಹುಡುಗರು ನಮ್ಮಲ್ಲಿಗೆ ಬಂದಾಗ ಮಟ್ಟಿಗೆ ಕಾಲಿಟ್ಟವರು ಹಿಮ್ಮಡಿ ಹೂತುಹೋಗಿ ನಗಾಡಿದರು. ಅವರ ಉಸ್ತಾದರು ಒಂದು ಹಿಡಿ ಮಣ್ಣು ತೆಗೆದು ಮೂಸಿ, ಎಣ್ಣೆ ಯಾವ ಅಂಗಡಿಯದು ಎಂದು ಕೇಳಿದರು. ನಮ್ಮ ಉಸ್ತಾದರು ಅಂಚಿನ ಕಡೆ ಕೈ ತೋರಿಸಿದರು. ಅಲ್ಲಿ ಪೈಲ್ವಾನಪ್ಪ, ಅಂಗೈ ಬೊಕ್ಕೆಗೆ ಊದಿಕೊಳ್ಳುತ್ತಾ, ತುಟಿ ಬಿಗಿಹಿಡಿದು ಕೂತಿದ್ದರು.

ಜೋಡಿ ಶುರುವಾಗುವ ಮುಂಚೆ ಮೆಲ್ಲಗೆ ಎದ್ದು ಬಂದು, "ಉಸ್ತಾದ್ರೇ, ಕೂಗಲ್ಲ. ಬರೀ ಕೈಸನ್ನೆ ಮಾಡಿದ್ರೆ?" ಎಂದು ವಿಚಾರಿಸಿದರು.

"ಅರ್ಧ ಸಾಲು."

ಪೈಲ್ವಾನಪ್ಪ ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡು ಹೋಗಿ ಕೂತರು. ಮಗ ಮಟ್ಟಿಗಿಳಿದ. ಹುಬ್ಬು ಹಾರಿಸುವುದಕ್ಕೆ ಎಷ್ಟು ಅಂತ ನಾನು ಇನ್ನೂ ಉಸ್ತಾದರನ್ನು ಕೇಳಬೇಕು.