ಹುಲ್ಲಿಗೆ ತೇಪೆ

ಸೀರೆಗೆ ಫಾಲ್ ಹಚ್ಚಿಸಬೇಕೆಂದರೆ ಕಲ್ಯಾಣ ನಗರದ ನಮ್ಮ ಬೀದಿಯ ಹೆಂಗಸರು ಕಮ್ಮನಹಳ್ಳಿ ಮೇನ್ ರೋಡಿನವರೆಗೆ ಹೋಗುವುದಿಲ್ಲ, ನಮ್ಮ ಗೇಟು ತಟ್ಟುತ್ತಾರೆ. ಸ್ಕೂಲ್ ಚಡ್ಡಿಯಿಂದ ಸೋಫಾ ಕವರಿನವರೆಗೆ ನಾನು ತೇಪೆ ಹಾಕದ ವಸ್ತುವಿಲ್ಲ ಅಂದುಕೊಂಡಿದ್ದೆ. ಹುಲ್ಲೊಂದು ಬಾಕಿ ಇತ್ತು.

ಮಗನ ಮನೆ ಡೆನ್ವರ್ ಪಕ್ಕದಲ್ಲಿ. ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರ, 1,609 ಮೀಟರ್. ಬೆಂಗಳೂರಿನ 920 ಮೀಟರನ್ನು ವಿಮಾನದುದ್ದಕ್ಕೂ ಕೊಚ್ಚಿಕೊಂಡ ನಮ್ಮೆಜಮಾನರು ಅಲ್ಲಿ ಇಳಿದು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಟ್ಟು ಸುಮ್ಮನಾದರು. ಮಾರ್ಚ್ ತಿಂಗಳು, ಹಿತ್ತಲೆಲ್ಲ ಹಿಮ. ಮೂರನೇ ದಿನ ಬಿಸಿಲೇರಿ ಹಿಮ ಕರಗಿತು ನೋಡಿ, ಅಡಿಯಿಂದ ಎಳೆ ಹಸಿರು ಹುಲ್ಲು ಇಣುಕಿತು. ಅವತ್ತು ಸಂಕಷ್ಟಿ ಬೇರೆ. ಗಣಪತಿಗೆ ಗರಿಕೆಯಂಥದ್ದು ಏನಾದರೂ ಸಿಕ್ಕೀತೆಂದು ಶಾಲು ಹೊದ್ದು ಓಡಿದೆ. ಚಿವುಟಿದರೆ ಬರಲಿಲ್ಲ. ಜಗ್ಗಿದೆ. ಎರಡು ಎಳೆ ಕೈಗೆ ಬಂತು, ಜೊತೆಗೊಂದು ಚಿಟಿಕೆ ಮರಳು.

"ಅತ್ತೆ, ಬಿಡಿ, ಅದು ಪ್ಲಾಸ್ಟಿಕ್ಕು!" ಅಡುಗೆಮನೆ ಕಿಟಕಿಯಿಂದ ಸೊಸೆ ಕೂಗಿದಳು.

ಅಲ್ಲಿ ಮಳೆ, ಹಿಮ ಎಲ್ಲ ಕೂಡಿಸಿದರೂ ನಮ್ಮ ಬೆಂಗಳೂರಿನ ಮಳೆಯ ಅರ್ಧಕ್ಕೆ ಬಾರದು. ನೀರು ಹಾಯಿಸಿ, ವಾರವಾರ ಹುಲ್ಲು ಕತ್ತರಿಸಿ ರೋಸಿಹೋದ ಮಗ ಈ ಹಸಿರು ಚಾಪೆ ಹಾಸಿಸಿದ್ದ. "ಇನ್ನು ಇದರ ಕಡೆ ತಿರುಗಿ ನೋಡೋ ಹಾಗಿಲ್ಲಮ್ಮ" ಅಂದವನು ನಾನಿದ್ದಷ್ಟು ದಿನವೂ ಅದರ ಕಡೆಯೇ ನೋಡುತ್ತ ನಿಂತಿರುತ್ತಿದ್ದ.

ಪ್ಲಾಸ್ಟಿಕ್ ಹುಲ್ಲಿನ ಮೇಲೆ ನಮ್ಮೆಜಮಾನರಿಗೆ ಹಳೇ ಸಿಟ್ಟಿದೆ. 1975ರಲ್ಲಿ ಹಾಕಿ ವಿಶ್ವಕಪ್ ಗೆದ್ದ ಭಾರತ, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಈ ಹಾಸಿನ ಮೇಲೆ ಆಡಬೇಕಾಗಿ ಬಂದು ಏಳನೇ ಸ್ಥಾನಕ್ಕೆ ಜಾರಿತು. "ನಮ್ಮ ಕೊಡಗಿನ ಗೋವಿಂದ ಇದ್ದ ಟೀಮು ಕಣೋ ಅದು! ಅವರನ್ನೇ ಬೀಳಿಸಿದ ಹುಲ್ಲನ್ನು ಮನೆಗೆ ತಂದಿದ್ದೀಯಲ್ಲೋ" ಎಂದು ಮಗನ ಮೇಲೆ ಹರಿಹಾಯ್ದರು. ಅವನು ಹುಟ್ಟುವುದಕ್ಕೆ ಮುಂಚಿನ ಸೋಲಿಗೂ ಅವನೇ ಹೊಣೆ.

ಹುಲ್ಲಿನ ಅವಸ್ಥೆಯೂ ಏಳನೇ ಸ್ಥಾನದ್ದೇ. ಅಲ್ಲಿ ಹಗಲು ಸ್ವೆಟರ್ ತೆಗೆಯುವಷ್ಟು ಬಿಸಿಲು, ರಾತ್ರಿ ಸೊನ್ನೆಗಿಂತ ಕೆಳಗೆ. ಅಡಿಯ ಜಲ್ಲಿಪುಡಿಯೊಳಗಿನ ನೀರು ರಾತ್ರಿ ಗಡ್ಡೆಕಟ್ಟಿ ಉಬ್ಬುತ್ತದೆ, ಹಗಲು ಕರಗಿ ಇಳಿಯುತ್ತದೆ, ಥೇಟ್ ಇಡ್ಲಿ ಹಿಟ್ಟು. ಹೀಗೆ ಉಬ್ಬಿಳಿದು ಎರಡು ಹಾಸು ಕೂಡುವ ಜಾಗ ಗೇಣಗಲ ಬಾಯಿಬಿಟ್ಟಿತ್ತು. ಮಗ ಕಬ್ಬಿಣದ ಸಲಿಕೆಯಿಂದ ಹಿಮ ಎಳೆದು ಅದನ್ನು ಮೊಳ ಮಾಡಿದ. ಸಾಲದ್ದಕ್ಕೆ ಪಕ್ಕದ ಮನೆಯ ಜೋಡಿಗಾಜಿನ ಕಿಟಕಿಯಿಂದ ಪ್ರತಿಫಲಿಸಿದ ಬಿಸಿಲು ಒಂದೇ ಕಡೆ ಬಿದ್ದು, ಒಂದು ಪಟ್ಟಿ ಹುಲ್ಲು ಸೀದ ಹಪ್ಪಳದಂತೆ ಮುದುರಿತ್ತು.

ಹಾಸಿದವರಿಗೆ ಫೋನ್ ಮಾಡಿದರೆ, ನೆಲ ಅಲುಗಾಡಿದರೆ ಗ್ಯಾರಂಟಿ ಇಲ್ಲ ಎಂದರು. "ನೆಲ ಅಲುಗಾಡದ ಊರಲ್ಲಿ ಗ್ಯಾರಂಟಿ ಯಾಕೋ ಬೇಕು?" ಎಂದರು ನಮ್ಮೆಜಮಾನರು.

ಗ್ಯಾರೇಜಿನಲ್ಲಿದ್ದ ಉಳಿಕೆ ತುಂಡನ್ನು ಮಗನೇ ಕತ್ತರಿಸಿ ಅಂಟಿಸಿದ. ನೋಡಿದರೆ ಅಲ್ಲೊಂದು ಕರಿ ಚೌಕ. ನನಗೆ ನಗು ತಡೆಯಲಿಲ್ಲ. ವೆಲ್ವೆಟ್ ಬ್ಲೌಸ್ ಹೊಲಿದವರಿಗೆ ಗೊತ್ತು: ಬಟ್ಟೆಯ ನವಿರು ಒಂದೇ ಕಡೆ ಮಲಗಬೇಕು, ತೋಳು ಉಲ್ಟಾ ಆದರೆ ಬೇರೆ ಬಣ್ಣವೇ ಕಾಣುತ್ತದೆ. ಹುಲ್ಲಿಗೂ ಅದೇ ಕಾನೂನು. ಜೊತೆಗೆ ಆ ಎತ್ತರದ ಬಿಸಿಲಿಗೆ ಹಳೇ ಹುಲ್ಲು ಮಾಸಿತ್ತು, ತುಂಡು ಹೊಚ್ಚಹೊಸದು. ಹರಿದ ಲಂಗಕ್ಕೆ ಅಂಗಡಿಯ ಬಟ್ಟೆ ಹಚ್ಚುತ್ತಾರೆಯೇ? ಒಳಮಡಿಕೆ ಬಿಚ್ಚಿ ತೆಗೆಯಬೇಕು. ಬೇಲಿಯ ಮೂಲೆಯಲ್ಲಿ, ಕಸದ ಡಬ್ಬದ ಪಕ್ಕ ಬಿಸಿಲು ಕಂಡು ಮಾಸಿದ ಹುಲ್ಲಿತ್ತು. ಅದನ್ನು ತಂದು ನಡುವೆ ಹಾಕು, ಹೊಸದನ್ನು ಆ ಮೂಲೆಗೆ ಹಾಕು ಎಂದೆ. ಐಐಟಿ ಓದಿದ ಮಗ ನನ್ನನ್ನೇ ನೋಡಿದ.

ಚಳಿಗೆ ಅಂಟು ಹಿಡಿಯದು, ಮೇ ತಿಂಗಳವರೆಗೆ ಕಾದೆವು. ಮೊಳೆ ಕಿತ್ತು, ಹಾಸು ಮಡಚಿ, ಮರಳು ಗುಡಿಸಿ, ಜಲ್ಲಿಪುಡಿ ತುಂಬಿದೆವು. ನಮ್ಮೆಜಮಾನರು ಮಗನ ಜಿಮ್ಮಿನ ಡಂಬೆಲ್ ಹಿಡಿದು ದಮ್ಮಸು ಹಾಕಿದರು. ಅದಕ್ಕೆ ಅಷ್ಟು ಕೆಲಸ ಬಿದ್ದದ್ದು ಅದೇ ಮೊದಲು. ತುಂಡನ್ನು ಎಳೆಗೆ ಪೆಟ್ಟಾಗದಂತೆ ಬೆನ್ನ ಕಡೆಯಿಂದ ಕತ್ತರಿಸಿದ್ದು ನಾನು. ಅಡಿಗೆ ಪಟ್ಟಿ, ಪಟ್ಟಿಗೆ ಅಂಟು, ನಡುವೆ ಒಂದು ಎಳೆಯೂ ಸಿಕ್ಕಿಕೊಳ್ಳದ ಹಾಗೆ ಅಂಚಿಗೆ ಅಂಚು. ಅಂಟು ಆರುವವರೆಗೆ ಭಾರ ಹೇರಬೇಕಲ್ಲ, ಸೋನಾ ಮಸೂರಿಯ ನಾಲ್ಕು ಮೂಟೆ ಸಾಲಾಗಿ ಮಲಗಿಸಿದೆವು. ಅವತ್ತು ರಾತ್ರಿ ಚಪಾತಿ.

ಪಕ್ಕದ ಮನೆಯವರಿಗೆ ಚಕ್ಕುಲಿ ಕೊಟ್ಟು ಬಂದಳು ಸೊಸೆ. ಮರುವಾರವೇ ಆ ಕಿಟಕಿಯ ಹೊರಗೆ ಜಾಲರಿ ಬಂತು.

ಹೊರಡುವ ಮುಂಚೆ ನಮ್ಮೆಜಮಾನರಿಗೆ ಒಂದು ಸುದ್ದಿ ಸಿಕ್ಕಿತು. ಡೆನ್ವರ್ ಇರುವ ಕೊಲೊರಾಡೊ ರಾಜ್ಯದಲ್ಲಿ 2024ರಲ್ಲಿ ಕಾನೂನಾಗಿದೆ, 2026ರ ಜನವರಿಯಿಂದ ಅಂಗಡಿ, ಆಫೀಸುಗಳ ಮುಂದೆ, ರಸ್ತೆಯ ನಡುವೆ ಹೊಸದಾಗಿ ಪ್ಲಾಸ್ಟಿಕ್ ಹುಲ್ಲು ಹಾಸುವ ಹಾಗಿಲ್ಲ. ಮಾಂಟ್ರಿಯಲ್ ಸೋಲಿಗೆ ಕೊನೆಗೂ ನ್ಯಾಯ ಸಿಕ್ಕಿತು ಎಂದರು. ಮನೆಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಮಗ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

ಕಲ್ಯಾಣ ನಗರಕ್ಕೆ ಬಂದು ನೋಡುತ್ತೇನೆ, ಮಹಡಿಯ ಬಾಡಿಗೆಯವರು ಬಾಲ್ಕನಿಗೆ ಇದೇ ಹಸಿರು ಚಾಪೆ ಹಾಸಿದ್ದಾರೆ, ಆಗಲೇ ಒಂದು ಅಂಚು ಎದ್ದಿದೆ. ನಿಮ್ಮ ಮನೆಯದೂ ಎದ್ದಿದ್ದರೆ ಹೇಳಿ ಕಳಿಸಿ, ಬರುತ್ತೇನೆ. ಅಕ್ಕಿ ಮೂಟೆ ಮಾತ್ರ ನಿಮ್ಮದೇ.