ಕಾಗದಕ್ಕೆ ಏಳು, ಕೆಸರಿಗೆ ಮೂರು

(2005. ಅಮೆರಿಕದ ಕೆಂಟಕಿ ರಾಜ್ಯ, ಒಂದು ಹಳ್ಳಿಗಾಡು ಕೌಂಟಿಯ ಕೃಷಿ ಕಚೇರಿ. ಗೋಡೆಯ ಮೇಲೆ ‘ಸಿಗರೇಟು ಬಿಡಿ’ ಪೋಸ್ಟರ್. ಅದರ ಕೆಳಗೇ ತಂಬಾಕು ಹಣದ ಅರ್ಜಿಗಳು.)

ಪಟ್ಟಣದವ: ಮೇಡಂ, ತಾತನಿಂದ ಬಂದ ಜಮೀನಿಗೆ ಹತ್ತು ಸಾವಿರ ಪೌಂಡ್ ತಂಬಾಕು ಕೋಟಾ ಇತ್ತಂತೆ.

ಗುಮಾಸ್ತೆ: ಯಾವ ಜಮೀನಿನ ಲೆಕ್ಕದಲ್ಲಿ ಎಷ್ಟು ತಂಬಾಕು ಮಾರಬಹುದು ಅಂತ ಮಿತಿ ಹಾಕ್ತಿದ್ದ 1930ರ ದಶಕದ ಕೋಟಾ ಪದ್ಧತಿ 2004ರ ಕಾನೂನಿನಿಂದ ಮುಗೀತು ಸರ್. ಬದಲಿಗೆ ಪೌಂಡಿಗೆ 7 ಡಾಲರ್, ಹತ್ತು ವರ್ಷದ ಕಂತು. ನೀವು ತಂಬಾಕು ಬೆಳೀತಿದ್ರಾ?

ಪಟ್ಟಣದವ: ಗಿಡ ಹೇಗಿರುತ್ತೆ ಅಂತಲೇ ಗೊತ್ತಿಲ್ಲ. (ಪಕ್ಕದಲ್ಲಿದ್ದ ರೈತನನ್ನು ತೋರಿಸಿ) ಕೋಟಾ ಇವರಿಗೆ ಬಾಡಿಗೆಗೆ ಕೊಟ್ಟಿದ್ದೆ.

ಗುಮಾಸ್ತೆ: ತೊಂದರೆಯಿಲ್ಲ, ಎಪ್ಪತ್ತು ಸಾವಿರ ನಿಮ್ಮದೇ. ಬೆಳೆದವರಿಗೆ ಪೌಂಡಿಗೆ 3.

ರೈತ: ಕೆಸರು ತುಳಿದವನಿಗೆ ಮೂರೇ?

ಗುಮಾಸ್ತೆ: ಕೆಸರಿಗೆ ದಾಖಲೆ ಇರಲ್ಲವಲ್ಲ ಸರ್.

(ಕಂತು ಕಾಯಲಾರದವರಿಗೆ ಒಂದಿಷ್ಟು ಮುರಿದುಕೊಂಡು ಇಡಿಗಂಟು ಕೊಡುವ ಹಣಕಾಸು ಕಂಪನಿಗಳೂ ಹುಟ್ಟಿಕೊಂಡವು. ಹಣ ಇದ್ದಲ್ಲಿ ಪರೋಪಕಾರಿಗಳಿಗೆ ಬರವೇ?)

ರೈತ: ದುಡ್ಡು ಸರ್ಕಾರದ್ದೋ?

ಗುಮಾಸ್ತೆ: ಛೆ! ಸಿಗರೇಟು ತಯಾರಕರಿಂದ, ಆಮದುದಾರರಿಂದ ವಸೂಲಿ.

ರೈತ: ಅವರು?

ಗುಮಾಸ್ತೆ: ಸೇದುವವರಿಂದ.

ರೈತ: (ಕೆಮ್ಮುತ್ತಾ) ಅಂದರೆ ನನ್ನಿಂದ! ಇರಲಿ, ಇನ್ನು ತಂಬಾಕು ಬೆಳೆಯಬಾರದು ತಾನೆ?

ಗುಮಾಸ್ತೆ: ಯಾರಂದರು? ಎಷ್ಟು ಬೇಕಾದರೂ, ಎಲ್ಲಿ ಬೇಕಾದರೂ ಬೆಳೀರಿ. ಬೆಂಬಲ ಬೆಲೆ ಮಾತ್ರ ಕೇಳಬೇಡಿ.

ಪಟ್ಟಣದವ: (ರುಜು ಹಾಕುತ್ತಾ) ಅಜ್ಜಿ ಕಡೆಯಿಂದಲೂ ಏನಾದರೂ ಇತ್ತಾ, ಸ್ವಲ್ಪ ನೋಡ್ತೀರಾ ಮೇಡಂ?